ಹಳೇ ಕಾರು ತಗ್ಗಿಸುವುದು: ಪದ್ಮಿನಿ, 800, ಜೆನ್, ಎಸ್ಟೀಮ್ ಇಟ್ಟುಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಕಾರಿಗಾದರೆ ಲೋಯರಿಂಗ್ ಸ್ಪ್ರಿಂಗ್, ಅಂದರೆ ಕಾರನ್ನು ನೆಲಕ್ಕೆ ಹತ್ತಿರ ಇಳಿಸುವ ಗಿಡ್ಡ ಸ್ಪ್ರಿಂಗ್, ಡಬ್ಬದಲ್ಲೇ ಬರುತ್ತದೆ. ಪ್ರೀಮಿಯರ್ ಪದ್ಮಿನಿ, ಮಾರುತಿಯ 800, ಜೆನ್, ಎಸ್ಟೀಮ್‌ನಂಥ, ತಯಾರಿಕೆ ನಿಂತು ವರ್ಷಗಳಾದ ಕಾರಿಗೆ ಆ ಭಾಗ್ಯವಿಲ್ಲ. ಇದ್ದ ಸ್ಪ್ರಿಂಗ್, ಗುಜರಿ ಅಂಗಡಿ, ಲೇತ್, ಲಾರಿ ಕಮಾನು ಪಟ್ಟಿ ಕೆಲಸದವರು, ಇಷ್ಟರಲ್ಲೇ ದಾರಿ ಹುಡುಕಬೇಕು. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಲೆಕ್ಕದ್ದು ಕೊನೆಗೆ.

## ಶುರು ಮಾಡುವವರಿಗೆ

ನನ್ನ ಹಳೇ ಜೆನ್ ತಗ್ಗಿಸಬೇಕು ಅಂತಿದೀನಿ. ಎಲ್ಲಿಂದ ಶುರು ಮಾಡ್ಲಿ?

ಅಳತೆ ಟೇಪಿನಿಂದ. ಕಾರನ್ನು ಮಟ್ಟಸ ಜಾಗದಲ್ಲಿ ನಿಲ್ಲಿಸಿ. ಮುಂದೆ, ಹಿಂದೆ ಎರಡು ಮೂರು ಸಲ ಒತ್ತಿ ಕುಣಿಸಿ, ಅದು ತಾನಾಗಿ ಕೂರಲಿ. ಆಮೇಲೆ ಚಕ್ರದ ನಡುಬಿಂದುವಿನಿಂದ ನೇರ ಮೇಲಕ್ಕೆ ಫೆಂಡರ್ (ಚಕ್ರದ ಮೇಲಿನ ಬಾಡಿ ತಗಡು) ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆಯಬೇಡಿ. ಟೈರ್ ಸವೆದಿದ್ದರೂ ಗಾಳಿ ಕಮ್ಮಿಯಿದ್ದರೂ ಆ ಲೆಕ್ಕ ತಪ್ಪುತ್ತದೆ. ನಾಲ್ಕೂ ಚಕ್ರದ ಅಳತೆ ಬರೆದಿಟ್ಟುಕೊಳ್ಳಿ.

ಈ ಅಳತೆ ಬೇಕಾಗುವುದು ಯಾಕೆಂದರೆ, ಇಪ್ಪತ್ತು ಮೂವತ್ತು ವರ್ಷ ಓಡಿದ ಕಾರು ಎಷ್ಟೋ ಸಲ ಆಗಲೇ ತಗ್ಗಿರುತ್ತದೆ. ಸ್ಪ್ರಿಂಗ್ ಸೋತು ಕೂತಿರುತ್ತದೆ. ನಮ್ಮಲ್ಲಿ ಡ್ರೈವರ್ ಕೂರುವುದು ಬಲಕ್ಕೆ, ಹಾಗಾಗಿ ಬಲಗಡೆ ಸ್ವಲ್ಪ ಜಾಸ್ತಿ ಕೂತಿದ್ದರೆ ಆಶ್ಚರ್ಯವಿಲ್ಲ. ಎಡಕ್ಕೂ ಬಲಕ್ಕೂ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಸ್ಪ್ರಿಂಗ್‌ನ ಕೆಳಗಿನ ಸುತ್ತನ್ನು ಟಾರ್ಚ್ ಹಾಕಿ ನೋಡಿ. ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ ನೀರು, ಮಣ್ಣು ನಿಂತು ಅಲ್ಲೇ ತುಕ್ಕು ಹಿಡಿದು ತುದಿ ಮುರಿದಿರುವುದು ಸಾಮಾನ್ಯ.

ನನ್ನ ಮಾತು ಇಷ್ಟೇ: ತಗ್ಗಿಸುವ ದುಡ್ಡಿಗಿಂತ ಮೊದಲು ಬುಷ್ (ಕೀಲುಗಳಲ್ಲಿ ಕೂರುವ ರಬ್ಬರ್), ಸ್ಟ್ರಟ್‌ನ (ಶಾಕ್ ಅಬ್ಸಾರ್ಬರನ್ನೇ ಕಂಬ ಮಾಡಿಕೊಂಡು ಚಕ್ರ ಹಿಡಿದಿರುವ ಭಾಗ) ಮೇಲಿನ ಬೇರಿಂಗ್, ಬಾಲ್ ಜಾಯಿಂಟ್ (ಚಕ್ರದ ಗುಂಡು ಕೀಲು), ಬಂಪ್ ಸ್ಟಾಪ್ ರಬ್ಬರ್ (ಚಕ್ರ ಪೂರ್ತಿ ಮೇಲೆ ಹೋದಾಗ ತಡೆಯುವ ತುಂಡು), ಶಾಕ್ ಅಬ್ಸಾರ್ಬರ್ (ಸ್ಪ್ರಿಂಗ್‌ನ ಕುಣಿತ ತಡೆಯುವ ಕೊಳವೆ) ಇವಕ್ಕೆ ಖರ್ಚು ಮಾಡಿ. ಕಾರಿನ ಓಟ ಬಿಗಿಯಾಗಲಿ ಅನ್ನುವುದಕ್ಕೇ ತಗ್ಗಿಸಲು ಹೊರಟವರಲ್ಲಿ ಅರ್ಧ ಜನ ಇಷ್ಟು ಮಾಡಿಸಿದ ಮೇಲೆ ಸುಮ್ಮನಾಗುತ್ತಾರೆ.

ಎಷ್ಟು ಇಂಚು ತಗ್ಗಿಸಬಹುದು? ಎರಡೂವರೆ ಇಂಚು ಮಾಡಿದವರನ್ನ ನೋಡಿದೀನಿ.

ದಿನಾ ಓಡಿಸುವ ಕಾರಿಗೆ ಒಂದು ಇಂಚು, ಅಂದರೆ 25 ಮಿಲಿಮೀಟರ್. ಒಂದೂವರೆ ಇಂಚಿಗೆ ಹೋದರೆ ಬರೀ ಸ್ಪ್ರಿಂಗ್ ಸಾಲದು, ಶಾಕ್ ಅಬ್ಸಾರ್ಬರ್ ಕೂಡ ಬದಲಿಸಬೇಕು. ಅದಕ್ಕೂ ಕೆಳಗೆ ಹೋದ ಕಾರು ನಿಲ್ಲಿಸಿ ಫೋಟೋ ತೆಗೆಯುವುದಕ್ಕೆ ಚೆಂದ, ಅಷ್ಟೇ.

ಚಕ್ರ ಮೇಲೆ ಹೋಗಲು ಜಾಗ ಬೇಕಲ್ಲ, ಅದು ಎಲ್ಲ ಕಾರಲ್ಲೂ ಸೀಮಿತ. ಬಂಪ್ ಸ್ಟಾಪ್‌ಗೆ ತಾಗುವ ಮೊದಲು 80 ಮಿ.ಮೀ. ಇತ್ತು ಅಂದುಕೊಳ್ಳಿ. 25 ತಗ್ಗಿಸಿದರೆ ಉಳಿಯುವುದು 55. ಹಿಂದೆ ಮೂರು ಜನ ಕೂತರೆ ಸಣ್ಣ ಕಾರಿನ ಹಿಂಭಾಗ ನಾಲ್ಕೈದು ಸೆಂಟಿಮೀಟರ್ ಇಳಿಯುತ್ತದೆ. ಅಲ್ಲಿಗೆ ಉಳಿದದ್ದು ಬಹುತೇಕ ಮುಗಿಯಿತು. ಸ್ಪ್ರಿಂಗ್ ಗಟ್ಟಿ ಮಾಡದಿದ್ದರೆ ಆಮೇಲೆ ಪ್ರತಿ ಗುಂಡಿಯೂ ನೇರವಾಗಿ ಬಾಡಿಗೇ ಬಡಿಯುತ್ತದೆ.

ಹಂಪ್ ದಾಟುತ್ತಾ?

ಹಂಪ್ ಎಷ್ಟು ಎತ್ತರ ಅನ್ನುವುದಕ್ಕಿಂತ ಅದರ ಆಕಾರ ಹೇಗಿದೆ ಅನ್ನುವುದು ಮುಖ್ಯ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾದರಿ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ನಯವಾದ ಉಬ್ಬು. ಜೆನ್‌ನ ಎರಡು ಆಕ್ಸಲ್ ನಡುವಿನ ದೂರ 2,335 ಮಿ.ಮೀ. ಅದು ಈ ಉಬ್ಬಿನ ಮೇಲೆ ಪೂರ್ತಿ ನಿಂತಾಗ ಹೊಟ್ಟೆಯ ಕೆಳಗಿನ ಜಾಗ ಕಮ್ಮಿಯಾಗುವುದು ಬರೀ 4 ಸೆಂ.ಮೀ. ಕಂಪನಿ ಕೊಟ್ಟ ಗ್ರೌಂಡ್ ಕ್ಲಿಯರೆನ್ಸ್ 165 ಮಿ.ಮೀ., ಒಂದು ಇಂಚು ಕಳೆದರೂ 140 ಉಳಿಯಿತು. ಆರಾಮ.

ಆದರೆ ನಮ್ಮ ಓಣಿಗಳಲ್ಲಿ ಜಲ್ಲಿ, ಡಾಂಬರು ಸುರಿದು ರಾತ್ರೋರಾತ್ರಿ ಕಟ್ಟುವ ಹಂಪ್ ಬೇರೆಯೇ ಜಾತಿ. ಒಂದೂವರೆ ಅಡಿ ಅಗಲ, ಅರ್ಧ ಅಡಿ ಎತ್ತರ, ಗೋಡೆಯ ಹಾಗೆ. ಅಲ್ಲಿ ಪೂರ್ತಿ ಎತ್ತರವೂ ಹೊಟ್ಟೆಗೇ ಬರುತ್ತದೆ. ಆಯಿಲ್ ಚೇಂಬರ್, ಸೈಲೆನ್ಸರ್ ಪೈಪು ಮೊದಲು ಸಿಕ್ಕಿಕೊಳ್ಳುತ್ತವೆ. ನೀವು ವಾರಕ್ಕೊಮ್ಮೆ ಊರಿಗೆ ಹೋಗುವ ದಾರಿಯಲ್ಲಿ ಇಂಥದ್ದೊಂದು ಇದ್ದರೂ ಸಾಕು, ಅದೇ ನಿಮ್ಮ ಕಾರಿನ ಎತ್ತರ ತೀರ್ಮಾನಿಸುತ್ತದೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಇಳಿಜಾರಿನ ತುದಿಯನ್ನೂ ಒಮ್ಮೆ ನೋಡಿ ಬನ್ನಿ.

ಇದು ಲೀಗಲ್ಲಾ ಸರ್? ಪೊಲೀಸ್ ಹಿಡೀತಾರಾ?

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್, ಅನುಮತಿಯಿಲ್ಲದೆ ಭಾಗ ಬದಲಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ ಎನ್ನುತ್ತದೆ.

ಸ್ಪ್ರಿಂಗ್‌ನ ಎತ್ತರ ಆರ್‌ಸಿಯಲ್ಲಿ ಬರೆದಿರುವುದಿಲ್ಲ, ನಿಜ. ಅದನ್ನೇ ಹಿಡಿದು "ಏನೂ ಆಗಲ್ಲ" ಅನ್ನುವವರು ಬಹಳ. ನಾನು ಹಾಗೆ ಧೈರ್ಯ ಹೇಳುವುದಿಲ್ಲ. ಹದಿನೈದು ವರ್ಷ ದಾಟಿದ ಕಾರು ಐದೈದು ವರ್ಷಕ್ಕೆ ಎಫ್‌ಸಿಗೆ (ಫಿಟ್‌ನೆಸ್ ತಪಾಸಣೆಗೆ) ಹೋಗಲೇಬೇಕು. ಅಲ್ಲಿ ಟೈರ್ ಫೆಂಡರಿಗೆ ಉಜ್ಜುತ್ತಿದ್ದರೆ, ಸ್ಪ್ರಿಂಗ್ ಕತ್ತರಿಸಿದ್ದು ಕಣ್ಣಿಗೆ ಬಿದ್ದರೆ ವಾಪಸ್ ಕಳಿಸುತ್ತಾರೆ. ಇನ್ಶೂರೆನ್ಸ್‌ಗೆ ಹೇಳದೆ ಮಾಡಿಸಿದ್ದರೆ ಆಕ್ಸಿಡೆಂಟ್ ಆದಾಗ ನಿಮ್ಮ ಕಾರಿನ ನಷ್ಟದ ಕ್ಲೇಮ್ ತಳ್ಳಿಹಾಕಲು ಅವರಿಗೆ ಒಂದು ಕಾರಣ ಸಿಕ್ಕಿತು. ಹಾಗಾಗಿ ಕಂಪನಿ ಸ್ಪ್ರಿಂಗ್‌ಗಳನ್ನು ಗುಜರಿಗೆ ಹಾಕಬೇಡಿ. ಯಾವುದು ಎಡ, ಯಾವುದು ಬಲ ಎಂದು ಪೇಂಟಿನಲ್ಲಿ ಗುರುತು ಹಾಕಿ ಇಟ್ಟುಕೊಳ್ಳಿ.

ತಗ್ಗಿಸಿದ್ರೆ ಮೈಲೇಜ್ ಜಾಸ್ತಿ ಆಗುತ್ತೆ ಅಂತಾರೆ, ಹೌದಾ?

ನಮ್ಮ ಊರಿನ ವೇಗಕ್ಕೆ ಗೊತ್ತಾಗುವಷ್ಟು ಇಲ್ಲ.

ಚಕ್ರ, ಟೈರ್ ಬದಲಿಸಿದ್ರೆ ಸಾಕಲ್ವಾ? ಸ್ಪ್ರಿಂಗ್ ಮುಟ್ಟೋದೇ ಬೇಡ.

ನೋಟಕ್ಕೆ ಸಾಕಾಗಬಹುದು, ಆದರೆ ಲೆಕ್ಕ ಹಾಕಿ ಮಾಡಿ. 800ರ ಕಂಪನಿ ಟೈರ್ 145/70 ಆರ್12 (145 ಮಿ.ಮೀ. ಅಗಲ, ಪಕ್ಕದ ಎತ್ತರ ಅದರ 70 ಶೇಕಡಾ, 12 ಇಂಚಿನ ರಿಮ್), ವ್ಯಾಸ ಸುಮಾರು 508 ಮಿ.ಮೀ. ಅದಕ್ಕೆ 13 ಇಂಚಿನ ರಿಮ್ ಹಾಕಿ 155/65 ಟೈರ್ ತೊಡಿಸಿದರೆ ವ್ಯಾಸ 532 ಆಗುತ್ತದೆ. ಕಾರು 12 ಮಿ.ಮೀ. ಏರಿತು! ಫೆಂಡರ್ ಒಳಗಿನ ಖಾಲಿ ಜಾಗ ತುಂಬುವುದರಿಂದ ಕಣ್ಣಿಗೆ ಮಾತ್ರ ತಗ್ಗಿದಂತೆ ಕಾಣುತ್ತದೆ. ಜೆನ್‌ಗೆ ಅದೇ 155/65 ಆರ್13 ಹಾಕಿದರೆ ವ್ಯಾಸ ಹೆಚ್ಚುಕಮ್ಮಿ ಮೊದಲಿನಷ್ಟೇ ಇರುತ್ತದೆ, ಟೈರ್ ಒಂದಿಷ್ಟು ಅಗಲ ಕಾಣುತ್ತದೆ. ರಸ್ತೆ ಕೆಟ್ಟಿರುವ ಕಡೆ ಇರುವವರಿಗೆ ನಾನು ಹೇಳುವುದು ಇದನ್ನೇ.

ಈ ನಾಲ್ಕು ಕಾರಲ್ಲಿ ಯಾವುದು ತಗ್ಗಿಸೋದು ಸುಲಭ?

ಪದ್ಮಿನಿಯ ಹಿಂಭಾಗ. ಅಲ್ಲಿರುವುದು ಲಾರಿಗಳ ಥರದ ಕಮಾನು ಪಟ್ಟಿ (ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಕಟ್ಟಿದ ಸ್ಪ್ರಿಂಗ್), ಅದನ್ನು ಬಗ್ಗಿಸುವವರು ಹೆದ್ದಾರಿ ಬದಿಯ ಪ್ರತಿ ಊರಲ್ಲೂ ಇದ್ದಾರೆ. ಅದರ ಮುಂಭಾಗ ಮಾತ್ರ ಕಷ್ಟ. ಚಕ್ರವನ್ನು ಬಾಡಿಗೆ ಸೇರಿಸುವ ತೋಳು, ಅಂದರೆ ಆರ್ಮ್, ಮೇಲೊಂದು ಕೆಳಗೊಂದು, ನಡುವೆ ಕಾಯಿಲ್ (ಸುರುಳಿ) ಸ್ಪ್ರಿಂಗ್. ಸ್ಪ್ರಿಂಗ್ ಚಕ್ರಕ್ಕಿಂತ ಸಾಕಷ್ಟು ಒಳಗೆ ಕೂತಿರುವುದರಿಂದ ಸ್ಪ್ರಿಂಗ್ 10 ಮಿ.ಮೀ. ಗಿಡ್ಡವಾದರೆ ಕಾರು ಅದಕ್ಕಿಂತ ಜಾಸ್ತಿಯೇ ಇಳಿಯುತ್ತದೆ. ಇಲ್ಲಿ ಆತುರ ಪಟ್ಟವರೇ ಕೆಡಿಸಿಕೊಳ್ಳುವುದು.

800, ಜೆನ್ ಎರಡಕ್ಕೂ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್. ಜೆನ್‌ಗೆ, ಹಿಂದೆ ಕಾಯಿಲ್ ಇರುವ 800ಕ್ಕೆ, ಒಂದೇ ಗಟ್ಟಿ ಆಕ್ಸಲ್, ಅದರ ಮೇಲೆ ಬೇರೆ ಬೇರೆಯಾಗಿ ಸ್ಪ್ರಿಂಗ್ ಮತ್ತು ಶಾಕ್. ಹಿಂದಿನ ಸ್ಪ್ರಿಂಗ್ ಬಿಚ್ಚುವುದು ಇಲ್ಲಿ ತುಂಬ ಸಲೀಸು. ಎಸ್ಟೀಮ್‌ಗೆ ನಾಲ್ಕೂ ಕಡೆ ಸ್ಟ್ರಟ್. ಓಡಿಸುವ ಖುಷಿಗೆ ಅದೇ ಮೇಲು, ಆದರೆ ಸ್ಟ್ರಟ್ ಮೇಲಿನ ಸ್ಪ್ರಿಂಗ್ ಬಿಚ್ಚಲು ಕಂಪ್ರೆಸರ್ (ಸ್ಪ್ರಿಂಗ್ ಒತ್ತಿ ಹಿಡಿಯುವ ಸಾಧನ) ಹಾಕಿ ಬಿಗಿಯಬೇಕು. ಬಿಗಿದ ಸ್ಪ್ರಿಂಗ್ ಹಾರಿದರೆ ಕೈ, ಮುಖ ಉಳಿಯುವುದಿಲ್ಲ. ಹಗ್ಗ, ಕಂಬಿ ಕಟ್ಟಿ ಬಿಚ್ಚುವ ಗ್ಯಾರೇಜಿಗೆ ಕಾರು ಬಿಡಬೇಡಿ.

## ಸ್ಪ್ರಿಂಗ್ ಎಲ್ಲಿಂದ, ಹೇಗೆ

ಸುಮ್ನೆ ಒಂದು ಸುತ್ತು ಕಟ್ ಮಾಡಿದ್ರೆ ಏನಾಗುತ್ತೆ?

ತಗ್ಗುತ್ತದೆ, ಜೊತೆಗೆ ಗಟ್ಟಿಯೂ ಆಗುತ್ತದೆ. ಸ್ಪ್ರಿಂಗ್‌ನ ಗಟ್ಟಿತನ ಕೆಲಸ ಮಾಡುವ ಸುತ್ತುಗಳ ಸಂಖ್ಯೆಗೆ ವಿಲೋಮ. ಆರು ಸುತ್ತಿದ್ದದ್ದು ಐದಾದರೆ ಅದು 20 ಶೇಕಡಾ ಗಟ್ಟಿ. ಕಟ್ ಮಾಡಿದ ಸ್ಪ್ರಿಂಗ್ ಮೆತ್ತಗಾಗುತ್ತದೆ ಅನ್ನುವ ಮಾತು ಸುಳ್ಳು.

ಎಲ್ಲ ಸ್ಪ್ರಿಂಗ್ ಕತ್ತರಿಸಲು ಬರುವುದಿಲ್ಲ. ತುದಿ ನೋಡಿ. ಕೊನೆಯ ಸುತ್ತು ಉಳಿದವುಗಳಷ್ಟೇ ಅಗಲವಾಗಿ, ಸುರುಳಿಯಂತೆ ಬಿಟ್ಟಿದ್ದರೆ, ಕೂರುವ ತಟ್ಟೆಯಲ್ಲೂ ಅದೇ ಸುರುಳಿಯ ಏಣು ಇದ್ದರೆ, ಅರ್ಧ ಸುತ್ತು ತೆಗೆಯಬಹುದು. ತುದಿಯನ್ನು ಚಪ್ಪಟೆಯಾಗಿ ಅರೆದಿದ್ದರೆ ಅಥವಾ ಕೊನೆಯ ಸುತ್ತು ಚಿಕ್ಕದಾಗಿ ಒಳಗೆ ಸುತ್ತಿಕೊಂಡಿದ್ದರೆ ಮುಟ್ಟಬೇಡಿ. ಕತ್ತರಿಸಿದ ತುದಿ ಆ ತಟ್ಟೆಯಲ್ಲಿ, ಅಂದರೆ ಸ್ಪ್ರಿಂಗ್‌ನ ಸೀಟಿನಲ್ಲಿ, ಕೂರದೆ ಒಂದೇ ಕಡೆ ಭಾರ ಹಾಕಿ ಅಲ್ಲೇ ಮುರಿಯುತ್ತದೆ.

ಕತ್ತರಿಸುವುದಾದರೆ ತೆಳುವಾದ ಕಟಿಂಗ್ ವೀಲ್‌ನಲ್ಲಿ, ಮಧ್ಯೆ ಮಧ್ಯೆ ನಿಲ್ಲಿಸಿ, ಒದ್ದೆ ಬಟ್ಟೆ ಸುತ್ತಿಟ್ಟು. ಲೋಹ ನೀಲಿ ಬಣ್ಣಕ್ಕೆ ತಿರುಗಿತೆಂದರೆ ಆ ಜಾಗ ಬಿಸಿಗೆ ಸೋತಿದೆ. ಒಂದೇ ಏಟಿಗೆ ಒಂದು ಸುತ್ತು ತೆಗೆಯುವುದು ಮೂರ್ಖತನ. ಕಾಲು ಸುತ್ತು ತೆಗೆದು, ಜೋಡಿಸಿ, ಇಳಿಸಿ, ಅಳೆದು, ಆಮೇಲೆ ಮುಂದಿನ ಮಾತು. ಬೇಸರದ ಕೆಲಸ ಹೌದು. ಕತ್ತರಿಸಿದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲವಲ್ಲ.

ಗ್ಯಾಸ್‌ನಲ್ಲಿ ಕಾಯಿಸಿ ಕೂರಿಸ್ತಾರಂತೆ, ಬಿಚ್ಚೋದೂ ಬೇಡವಂತೆ?

ಬೇಡವೇ ಬೇಡ. ಸ್ಪ್ರಿಂಗ್ ಸ್ಪ್ರಿಂಗ್ ಆಗಿರುವುದು ಅದಕ್ಕೆ ಕೊಟ್ಟ ಹದದಿಂದ. ಕೆಂಪಗೆ ಕಾದ ಸುತ್ತು ಆ ಹದ ಕಳೆದುಕೊಂಡು ಬರೀ ಕಬ್ಬಿಣದ ಕಂಬಿಯಾಗುತ್ತದೆ. ಅದು ದಿನದಿನಕ್ಕೆ ಇನ್ನಷ್ಟು ಕೂರುತ್ತದೆ ಇಲ್ಲವೇ ಒಂದು ದಿನ ಗುಂಡಿಯಲ್ಲಿ ತುಂಡಾಗುತ್ತದೆ. ಪಕ್ಕದಲ್ಲೇ ಬ್ರೇಕ್ ಹೋಸ್, ಶಾಕ್‌ನ ಆಯಿಲ್ ಸೀಲ್ ಇರುತ್ತವೆ ಅನ್ನುವುದು ಬೇರೆ.

ಪದ್ಮಿನಿಯ ಹಿಂದಿನ ಕಮಾನಲ್ಲಿ ಒಂದು ಪ್ಲೇಟ್ ತೆಗೆದುಬಿಡ್ಲಾ?

ಪ್ಲೇಟ್ ತೆಗೆದರೆ ತಗ್ಗುತ್ತದೆ, ಜೊತೆಗೆ ಮೆತ್ತಗಾಗುತ್ತದೆ. ತಗ್ಗಿದ ಕಾರಿಗೆ ಬೇಕಾದ್ದು ಇದರ ಉಲ್ಟಾ. ನಾಲ್ಕು ಜನ ಹತ್ತಿದರೆ ಆಕ್ಸಲ್ ಬಂಪ್ ಸ್ಟಾಪ್‌ಗೆ ಕೂರುತ್ತದೆ. ಗಾಡಿ ಎಳೆಯುವಾಗ, ಬ್ರೇಕ್ ಹಾಕುವಾಗ ಆಕ್ಸಲ್ ತಿರುಚಿಕೊಳ್ಳದಂತೆ ಹಿಡಿದಿರುವುದೂ ಅದೇ ಪಟ್ಟಿಗಳು ಅನ್ನುವುದನ್ನು ಮರೆಯಬೇಡಿ.

ಸರಿಯಾದ ದಾರಿ ಪಟ್ಟಿಗಳ ಬಾಗು ಕಮ್ಮಿ ಮಾಡಿಸುವುದು. ಕಟ್ಟು ಬಿಚ್ಚಿ ಒಂದೊಂದೇ ಪಟ್ಟಿಯನ್ನು ಕಾಯಿಸದೆ, ತಣ್ಣಗಿದ್ದಂತೆಯೇ ಪ್ರೆಸ್ಸಿನಲ್ಲೋ ಸುತ್ತಿಗೆ ಏಟಿನಲ್ಲೋ ತಿದ್ದುತ್ತಾರೆ. ಒಳ್ಳೆ ಕೆಲಸಗಾರ ಇದನ್ನು ಮಾಡುವುದು ನೋಡಬೇಕು. ಮುಖ್ಯ ಪಟ್ಟಿಯನ್ನು ನೆಲದ ಮೇಲೆ ಅಡ್ಡ ಇಟ್ಟು ಸೀಮೆಸುಣ್ಣದಲ್ಲಿ ಅದರ ಬಾಗನ್ನು ನೆಲಕ್ಕೇ ಬರೆದುಕೊಳ್ಳುತ್ತಾನೆ. ಅದರ ಕೆಳಗೆ ಬೇಕಾದ ಬಾಗಿನ ಇನ್ನೊಂದು ಗೆರೆ. ಅಂಗೈ ಅಗಲಕ್ಕೊಂದು ಏಟು ಹಾಕುತ್ತಾ ತುದಿಯಿಂದ ತುದಿಗೆ ಹೋಗಿ, ಮತ್ತೆ ಗೆರೆಯ ಮೇಲಿಟ್ಟು ನೋಡುತ್ತಾನೆ. ಉಳಿದ ಪಟ್ಟಿಗಳನ್ನು ಮುಖ್ಯ ಪಟ್ಟಿಗಿಂತ ಒಂಚೂರು ಜಾಸ್ತಿ ಬಾಗಿನಲ್ಲೇ ಬಿಡುತ್ತಾನೆ. ನಡುವಿನ ಬೋಲ್ಟ್ ಬಿಗಿದಾಗ ಪಟ್ಟಿಗಳು ಒಂದಕ್ಕೊಂದು ಒತ್ತಿ ಕೂರಲಿ, ತುದಿಯಲ್ಲಿ ಬಾಯಿ ಬಿಡದಿರಲಿ ಅಂತ. ಇಷ್ಟು ಮಾಡುವವನು ಸಿಕ್ಕರೆ ರೇಟು ಕೇಳಬೇಡಿ.

ಬಾಗು ಕಮ್ಮಿಯಾದಾಗ ಪಟ್ಟಿ ಉದ್ದವಾಗುತ್ತದೆ, ಹಿಂದಿನ ಶ್ಯಾಕಲ್ (ಪಟ್ಟಿಯ ತುದಿಯನ್ನು ಬಾಡಿಗೆ ಸೇರಿಸುವ ತೂಗುಕೊಂಡಿ) ಇನ್ನಷ್ಟು ಹಿಂದಕ್ಕೆ ವಾಲುತ್ತದೆ. ಭಾರ ಹಾಕಿದಾಗ ಅದು ಬಾಡಿಗೆ ತಾಗುತ್ತದೆಯೇ ನೋಡಿ. ಪಟ್ಟಿಯನ್ನು ಆಕ್ಸಲ್‌ಗೆ ಕಟ್ಟುವ ಯು ಬೋಲ್ಟ್ ಹೊಸದೇ ಹಾಕಿಸಿ, ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಸಿ.

ಬ್ಲಾಕ್ ಇಟ್ಟರೆ ತಗ್ಗುತ್ತೆ ಅಂತ ಒಬ್ಬರು, ಏರುತ್ತೆ ಅಂತ ಇನ್ನೊಬ್ಬರು. ಯಾವುದು ಸರಿ?

ಎರಡೂ. ಕಮಾನು ಪಟ್ಟಿ ಆಕ್ಸಲ್‌ನ ಕೆಳಗೆ ಕಟ್ಟಿದ್ದರೆ ನಡುವೆ ಇಟ್ಟ ಬ್ಲಾಕ್ ಪಟ್ಟಿಯನ್ನು ಕೆಳಕ್ಕೆ ತಳ್ಳುತ್ತದೆ, ಕಾರು ತಗ್ಗುತ್ತದೆ. ಪಟ್ಟಿ ಆಕ್ಸಲ್‌ನ ಮೇಲಿದ್ದರೆ ಅದೇ ಬ್ಲಾಕ್ ಕಾರನ್ನು ಏರಿಸುತ್ತದೆ. ಕಾರಿನಡಿ ಮಲಗಿ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಬ್ಲಾಕ್ ಗಟ್ಟಿ ಉಕ್ಕಿನದೋ ಅಲ್ಯುಮಿನಿಯಂನದೋ ಇರಲಿ, ನಡುವಿನ ಬೋಲ್ಟಿನ ತಲೆ ಕೂರಲು ತೂತು, ಮೇಲುಗಡೆ ಗೂಟ ಇರಲೇಬೇಕು. ಮರದ ತುಂಡು ಇಟ್ಟು ಕಟ್ಟಿದ್ದನ್ನೂ ಜನ ತೋರಿಸುತ್ತಾರೆ. ಆ ಕಾರಲ್ಲಿ ಕೂರಬೇಡಿ.

ಇಂಡಿಯಾದಲ್ಲಿ ಏನೂ ಸಿಗ್ತಿಲ್ಲ. ಹೊರಗಡೆಯಿಂದ ತರಿಸಬಹುದಾ?

ಹೆಸರು ಬದಲಿಸಿ ಹುಡುಕಿ. ನಮ್ಮ ಜೆನ್ ಯುರೋಪಿಗೆ ಸುಜುಕಿ ಆಲ್ಟೊ ಅನ್ನುವ ಹೆಸರಲ್ಲಿ ಇಲ್ಲಿಂದಲೇ ರಫ್ತಾಗುತ್ತಿತ್ತು. 800ರ ಮೂಲವೂ ಸುಜುಕಿಯ ಆಲ್ಟೊ. ಎಸ್ಟೀಮ್ ಜಪಾನಿನ ಕಲ್ಟಸ್‌ನ ಸೆಡಾನ್, ಅದು ಕೆಲವು ದೇಶಗಳಲ್ಲಿ ಸ್ವಿಫ್ಟ್, ಅಮೆರಿಕದಲ್ಲಿ ಜಿಯೋ ಮೆಟ್ರೊ. ಆ ಹೆಸರಲ್ಲಿ ಹುಡುಕಿದರೆ ಹಳೇ ಸ್ಟಾಕಿನ ಸ್ಪ್ರಿಂಗ್, ಬುಷ್ ಒಮ್ಮೊಮ್ಮೆ ಕಣ್ಣಿಗೆ ಬೀಳುತ್ತವೆ. ವರ್ಷ ಮತ್ತು ಎಂಜಿನ್ ತಾಳೆ ನೋಡಿ. ಎಸಿ ಇರುವ ಕಾರಿನ ಮುಂಭಾಗ ಜಾಸ್ತಿ ಭಾರ, ಹಾಗಾಗಿ ಎತ್ತರ ಬೇರೆ ಬರುತ್ತದೆ. ಸುಂಕ, ಸಾಗಣೆ ಸೇರಿದರೆ ಸ್ಪ್ರಿಂಗ್ ಬೆಲೆಗಿಂತ ಅದೇ ದುಬಾರಿಯಾಗಬಹುದು.

ಪದ್ಮಿನಿಯ ಮೂಲ ಫಿಯೆಟ್ 1100. ಅದರ ಭಾಗಗಳನ್ನು ಬದುಕಿಸಿಟ್ಟದ್ದು ಮುಂಬೈ ಟ್ಯಾಕ್ಸಿಗಳು. 2023ರ ಅಕ್ಟೋಬರ್ ಕೊನೆಗೆ ಅವೂ ರಸ್ತೆಯಿಂದ ಹೋದವು. ಬೆಂಗಳೂರಿನ ಜೆ.ಸಿ. ರೋಡ್, ಶಿವಾಜಿನಗರದ ಅಂಗಡಿಗಳಲ್ಲಿ ಬುಷ್, ಶಾಕ್ ಕಂಡರೆ ಬೇಡದಿದ್ದರೂ ಒಂದು ಜೊತೆ ತೆಗೆದಿಡಿ.

ಬೇರೆ ಕಾರಿನ ಸ್ಪ್ರಿಂಗ್ ಹಾಕಿದ್ರೆ?

ಒಳವ್ಯಾಸ, ತುದಿಯ ಆಕಾರ, ತಂತಿಯ ದಪ್ಪ, ಬಿಟ್ಟಾಗಿನ ಉದ್ದ, ಈ ನಾಲ್ಕೂ ಹೊಂದಿದರೆ ಹಾಕಬಹುದು. ಎರಡು ಮಾತ್ರ ಹೊಂದಿ "ಅಡ್ಜಸ್ಟ್ ಮಾಡೋಣ" ಅಂದರೆ ಬೇಡ ಅನ್ನಿ.

## ತಗ್ಗಿಸಿದ ಮೇಲೆ

ಹಳೇ ಶಾಕಪ್ಪೇ ಇರಲಿ ಅಂತಾರೆ ಮೆಕ್ಯಾನಿಕ್. ಓಕೆನಾ?

ಒಂದು ಇಂಚಿನವರೆಗೆ, ಶಾಕ್ ಹೊಸದಾಗಿದ್ದರೆ ಓಕೆ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಅದರ ಕುಣಿತ ತಡೆಯುವ ಕೆಲಸ ಶಾಕ್‌ಗೆ ಜಾಸ್ತಿ. ಸೋತ ಶಾಕ್ ಜೊತೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಕಾರು ಚೆಂಡಿನ ಹಾಗೆ ಪುಟಿಯುತ್ತದೆ. ಇನ್ನೊಂದು ತೊಂದರೆ, ಶಾಕ್ ಒಳಗಿನ ಪಿಸ್ಟನ್ ತಳ ಮುಟ್ಟುವುದು. ಬಂಪ್ ಸ್ಟಾಪ್ ಮೊದಲು ತಾಗಬೇಕು, ಪಿಸ್ಟನ್ ಅಲ್ಲ. ಜಾಗ ಸಿಗಲಿ ಅಂತ ಬಂಪ್ ಸ್ಟಾಪನ್ನು ಪೂರ್ತಿ ಕಿತ್ತು ಹಾಕುವವರಿದ್ದಾರೆ. ಹಾಗೆ ಮಾಡಿದರೆ ಶಾಕ್ ಒಂದೇ ಮಳೆಗಾಲಕ್ಕೆ ಸೋರಲು ಶುರುವಾಗುತ್ತದೆ.

ಗುಂಡಿಯಲ್ಲಿ ಬಡೀತಿದೆಯೋ ಇಲ್ವೋ ಹೇಗೆ ತಿಳಿಯೋದು?

ಸ್ಟ್ರಟ್‌ನ ಹೊಳೆಯುವ ರಾಡ್‌ಗೆ ಒಂದು ಕೇಬಲ್ ಟೈ ಕಟ್ಟಿ. ಜಾರುವಷ್ಟು ಸಡಿಲ, ತಾನಾಗಿ ಬೀಳದಷ್ಟು ಬಿಗಿ. ಅದನ್ನು ಕೆಳಗೆ ಶಾಕ್‌ನ ಬಾಯಿಗೆ ತಾಗಿಸಿಟ್ಟು ಮಾಮೂಲಿ ದಾರಿಯಲ್ಲಿ ಓಡಿಸಿ ಬನ್ನಿ. ರಾಡ್ ಒಳಗೆ ಹೋದಾಗ ಟೈ ಮೇಲಕ್ಕೆ ಜರುಗಿ ಅಲ್ಲೇ ನಿಲ್ಲುತ್ತದೆ. ವಾಪಸ್ ಬಂದು ಅಳೆದರೆ ಎಷ್ಟು ದೂರ ಬಳಕೆಯಾಯಿತು ಅಂತ ಸಿಗುತ್ತದೆ. ಟೈ ಬಂಪ್ ಸ್ಟಾಪ್‌ಗೇ ಅಂಟಿಕೊಂಡಿದ್ದರೆ ನಿಮ್ಮ ಕಾರು ಜಾಸ್ತಿ ತಗ್ಗಿದೆ. ಧೂಳಿನ ರಬ್ಬರ್ ಇದ್ದರೆ ಮೇಲೆತ್ತಿ ಕಟ್ಟಬೇಕು.

ಜ್ಯಾಕ್ ಹಾಕಿ ಇಳಿಸಿದಾಗ, ಹಂಪ್ ಇಳಿದಾಗ ಟಕ್ ಅಂತ ಸದ್ದು.

ಸ್ಪ್ರಿಂಗ್ ಸಡಿಲವಾಗುತ್ತಿದೆ. ಚಕ್ರ ಪೂರ್ತಿ ಕೆಳಗೆ ಜೋತಾಗ ಗಿಡ್ಡ ಸ್ಪ್ರಿಂಗ್ ಸೀಟು ಬಿಟ್ಟು ಅಲ್ಲಾಡುತ್ತದೆ, ಭಾರ ಬಿದ್ದಾಗ ಎಲ್ಲೋ ಕೂರುತ್ತದೆ. ಇದನ್ನು ಸಣ್ಣ ಸದ್ದು ಅಂತ ಬಿಡಬೇಡಿ. ಜೆನ್, 800ರ ಹಿಂಭಾಗದಲ್ಲಿ ಸ್ಪ್ರಿಂಗ್ ಒಂದೇ ನಿಂತಿರುವುದರಿಂದ ಹೊರಗೇ ಜಾರಬಹುದು. ಸ್ವಲ್ಪ ಉದ್ದದ ಸ್ಪ್ರಿಂಗ್ ಹಾಕಿಸಿ, ಇಲ್ಲವೇ ಗಿಡ್ಡ ಶಾಕ್ ಹಾಕಿ ಚಕ್ರ ಜೋಲುವುದನ್ನು ಕಮ್ಮಿ ಮಾಡಿ.

ಮುಂದಿನ ಟೈರ್ ಒಳಗಡೆ ಮಾತ್ರ ಸವೀತಿದೆ. ಅಲೈನ್‌ಮೆಂಟ್ ಮಾಡಿಸಿದ್ರೂ ಹೋಗ್ತಿಲ್ಲ.

ತಗ್ಗಿದಾಗ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಜೊತೆಗೆ ಟೋ (ಮೇಲಿಂದ ನೋಡಿದಾಗ ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಕೂಡ ಬದಲಾಗುತ್ತದೆ. ಟೈರ್ ತಿನ್ನುವುದರಲ್ಲಿ ಟೋನದೇ ದೊಡ್ಡ ಪಾಲು. ಕಾರು ತಗ್ಗಿಸಿದ ದಿನವೇ ಮಾಡಿಸಿದ ಅಲೈನ್‌ಮೆಂಟ್ ಲೆಕ್ಕಕ್ಕಿಲ್ಲ. ಸ್ಪ್ರಿಂಗ್ ಒಂದೆರಡು ವಾರ ಓಡಿ ಕೂತ ಮೇಲೆ, ಡ್ರೈವರ್ ಸೀಟಿನಲ್ಲಿ ನಿಮ್ಮಷ್ಟೇ ಭಾರ ಇಟ್ಟು ಮತ್ತೆ ಮಾಡಿಸಿ. ಬಾಲ್ ಜಾಯಿಂಟ್ ಅಲ್ಲಾಡುತ್ತಿದ್ದರೆ ಯಾವ ಮೆಷಿನ್ನಿಂದಲೂ ಸರಿಹೋಗುವುದಿಲ್ಲ.

ಬುಷ್ ವಿಚಾರ ಬಹಳ ಜನ ಮರೆಯುತ್ತಾರೆ. ರಬ್ಬರ್ ಬುಷ್‌ನ ಬೋಲ್ಟನ್ನು ಕಾರು ನೆಲದ ಮೇಲೆ ನಿಂತಿರುವಾಗಲೇ ಕೊನೆಯ ಬಿಗಿ ಕೊಡಬೇಕು. ಜ್ಯಾಕ್ ಮೇಲೆ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಹಿಂದೆ ಮಾತ್ರ ತಗ್ಗಿಸಿದೆ. ಬೇರೆ ಏನಾದ್ರೂ ನೋಡ್ಬೇಕಾ?

ಹೆಡ್‌ಲೈಟ್. ಹಿಂಭಾಗ ಇಳಿದರೆ ಬೆಳಕು ಎದುರಿನವರ ಕಣ್ಣಿಗೆ ಹೋಗುತ್ತದೆ. ಆಮೇಲೆ ಬ್ರೇಕ್. ಕೆಲವು ಹಳೇ ಗಾಡಿಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಒಂದು ಕಡ್ಡಿ ಅಥವಾ ಸಣ್ಣ ಸ್ಪ್ರಿಂಗ್ ಬ್ರೇಕ್ ವಾಲ್ವ್‌ಗೆ ಹೋಗಿರುತ್ತದೆ. ಹಿಂಭಾಗ ತಗ್ಗಿದರೆ ಗಾಡಿಯಲ್ಲಿ ಲೋಡ್ ಇದೆ ಅಂತ ಅದು ತಿಳಿದುಕೊಂಡು ಹಿಂದಿನ ಬ್ರೇಕ್‌ಗೆ ಜಾಸ್ತಿ ಒತ್ತಡ ಬಿಡುತ್ತದೆ. ಮಳೆಯಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಕಾರು ತಿರುಗುವುದು ಹೀಗೇ. ಅಂಥ ಕಡ್ಡಿ ಇದ್ದರೆ ಮರುಹೊಂದಿಸಲೇಬೇಕು.

## ಲೆಕ್ಕ ಹಾಕುವವರಿಗೆ

ನನ್ನ ಕಾರಿನ ಸ್ಪ್ರಿಂಗ್ ಎಷ್ಟು ಗಟ್ಟಿ ಅಂತ ಮನೆಯಲ್ಲೇ ಅಳೆಯೋಕೆ ಆಗುತ್ತಾ?

ಆಗುತ್ತದೆ. ಎರಡು ಸಿಮೆಂಟ್ ಚೀಲ ಸಾಕು, ಒಂದೊಂದೂ 50 ಕಿಲೋ. ಮೊದಲು ಖಾಲಿ ಕಾರು ಕುಣಿಸಿ, ನಿಲ್ಲಿಸಿ, ಅಳೆಯಿರಿ. ಚೀಲಗಳನ್ನು ಹಿಂದಿನ ಆಕ್ಸಲ್‌ನ ನೇರ ಮೇಲೆ, ಎಡಕ್ಕೊಂದು ಬಲಕ್ಕೊಂದು ಇಡಿ. ಮತ್ತೆ ಕುಣಿಸಿ ಅಳೆಯಿರಿ. 25 ಮಿ.ಮೀ. ಇಳಿಯಿತು ಅನ್ನಿ. 100 ಕಿಲೋ ಅಂದರೆ 981 ನ್ಯೂಟನ್, ಅದನ್ನು 25ರಿಂದ ಭಾಗಿಸಿದರೆ 39. ಎರಡು ಚಕ್ರಕ್ಕೆ ಹಂಚಿದರೆ ಒಂದಕ್ಕೆ ಮಿಲಿಮೀಟರ್‌ಗೆ ಸುಮಾರು 20 ನ್ಯೂಟನ್. ಕಮಾನು ಪಟ್ಟಿಯ ಕಾರಾದರೆ ಪಟ್ಟಿಗಳ ತಿಕ್ಕಾಟದಿಂದ ಅಳತೆ ಏರುಪೇರಾಗುತ್ತದೆ. ಚೀಲ ಇಡುವಾಗಲೂ ತೆಗೆಯುವಾಗಲೂ ಅಳೆದು ಸರಾಸರಿ ತೆಗೆದುಕೊಳ್ಳಿ.

ಹೊಸ ಸ್ಪ್ರಿಂಗ್ ಮಾಡಿಸ್ತೀನಿ. ಫ್ಯಾಕ್ಟರಿಯವರಿಗೆ ಏನು ಹೇಳ್ಬೇಕು?

ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಸಣ್ಣ ಸ್ಪ್ರಿಂಗ್ ಘಟಕಗಳಿವೆ. "ಒಂದಿಂಚು ತಗ್ಗಬೇಕು" ಅಂತಷ್ಟೇ ಹೇಳಿದರೆ ಅವರು ಅದೇ ತಂತಿಯಲ್ಲಿ ಒಂದಿಂಚು ಗಿಡ್ಡ ಸ್ಪ್ರಿಂಗ್ ಸುತ್ತಿ ಕೊಡುತ್ತಾರೆ. ಅದು ಬಡಿಯುತ್ತದೆ.

ಒಂದು ಉದಾಹರಣೆ ಹಿಡಿದು ಲೆಕ್ಕ ಮಾಡೋಣ. ಹಳೇ ಸ್ಪ್ರಿಂಗ್ ಗಟ್ಟಿತನ ಮಿಲಿಮೀಟರ್‌ಗೆ 15 ನ್ಯೂಟನ್, ಬಿಟ್ಟಾಗಿನ ಉದ್ದ 360 ಮಿ.ಮೀ., ಅದರ ಮೇಲೆ ಕೂತಿರುವ ಭಾರ 2,000 ನ್ಯೂಟನ್. ಭಾರಕ್ಕೆ ಅದು 133 ಕುಗ್ಗಿ 227ಕ್ಕೆ ನಿಂತಿದೆ. ಮೇಲಕ್ಕೆ 80 ಜಾಗವಿದೆ. 25 ತಗ್ಗಿಸಿದರೆ 55 ಉಳಿಯುತ್ತದೆ. ಇಷ್ಟರಲ್ಲೇ ಮೊದಲಿನಷ್ಟೇ ಹೆಚ್ಚುವರಿ ಭಾರ ತಡೆಯಬೇಕಾದರೆ ಸ್ಪ್ರಿಂಗ್ ಸುಮಾರು ಒಂದೂವರೆ ಪಟ್ಟು ಗಟ್ಟಿಯಾಗಬೇಕು, ಅಂದರೆ 22.

ಗಟ್ಟಿತನ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ. 10 ಮಿ.ಮೀ. ತಂತಿಯ ಬದಲು 11 ಹಾಕಿದರೆ 46 ಶೇಕಡಾ ಜಾಸ್ತಿ. ಒಂದೇ ಮಿಲಿಮೀಟರ್‌ಗೆ ನಮಗೆ ಬೇಕಾದ್ದು ಸಿಕ್ಕಿತು. ಈಗ ಉದ್ದ. ಹೊಸ ಸ್ಪ್ರಿಂಗ್ ಅದೇ ಭಾರಕ್ಕೆ 91 ಮಾತ್ರ ಕುಗ್ಗುತ್ತದೆ. ನಿಲ್ಲಬೇಕಾದ್ದು 202ಕ್ಕೆ. ಹಾಗಾದರೆ ಬಿಟ್ಟಾಗಿನ ಉದ್ದ 293. ಕಾರು ಒಂದಿಂಚು ತಗ್ಗಲು ಸ್ಪ್ರಿಂಗ್ 67 ಮಿ.ಮೀ. ಗಿಡ್ಡವಾಯಿತು ನೋಡಿ.

ಕೊನೆಯ ಪರೀಕ್ಷೆ: ಚಕ್ರ ಪೂರ್ತಿ ಜೋತಾಗ ಸೀಟುಗಳ ನಡುವಿನ ದೂರ 287 ಇದ್ದರೆ 293ರ ಸ್ಪ್ರಿಂಗ್ ಇನ್ನೂ 6 ಮಿ.ಮೀ. ಒತ್ತಿ ಹಿಡಿದಿರುತ್ತದೆ. ಸಡಿಲವಾಗುವುದಿಲ್ಲ. ಇನ್ನೂ ಗಟ್ಟಿ ಮಾಡಲು ಹೋಗಿದ್ದರೆ ಇಲ್ಲೇ ಫೇಲಾಗುತ್ತಿತ್ತು. ಈ ಸಂಖ್ಯೆಗಳು ಸ್ಪ್ರಿಂಗ್ ಮತ್ತು ಚಕ್ರ ಸರಿಸುಮಾರು ಒಟ್ಟಿಗೆ ಚಲಿಸುವ ಸ್ಟ್ರಟ್‌ಗೆ. ಪದ್ಮಿನಿಯ ಮುಂಭಾಗಕ್ಕೆ ಸ್ಪ್ರಿಂಗ್ ಎಷ್ಟು ಒಳಗಿದೆ ಅಂತ ಅಳೆದು ಆ ಪ್ರಮಾಣ ಸೇರಿಸಬೇಕು.

ಘಟಕಕ್ಕೆ ಹಳೇ ಸ್ಪ್ರಿಂಗನ್ನೇ ಮಾದರಿಗೆ ಕೊಡಿ. ತಂತಿ ದಪ್ಪ, ಒಳವ್ಯಾಸ, ಸುತ್ತು, ಉದ್ದ, ತುದಿಯ ಆಕಾರ, ಸುತ್ತುವ ದಿಕ್ಕು ಬರೆದು ಕೊಡಿ. ಹದ ಮಾಡಿದ ಮೇಲೆ ಪೂರ್ತಿ ಒತ್ತಿ ಬಿಡುತ್ತಾರಾ, ಒತ್ತಿದ ಮೇಲೆ ಉದ್ದ ಅಳೆಯುತ್ತಾರಾ ಕೇಳಿ. ಹಾಗೆ ಒತ್ತದೆ ಕೊಟ್ಟ ಸ್ಪ್ರಿಂಗ್ ನಿಮ್ಮ ಕಾರಿನಲ್ಲೇ ಕೂರುತ್ತದೆ, ಆಗ ಮೇಲಿನ ಲೆಕ್ಕವೆಲ್ಲ ದಂಡ.

ತಗ್ಗಿಸಿದ ಮೇಲೆ ಜೆನ್‌ನ ಹಿಂದಿನ ಚಕ್ರ ಒಂದು ಕಡೆ ಹೊರಗೆ ಬಂದ ಹಾಗೆ ಕಾಣುತ್ತೆ. ಆಕ್ಸಲ್ ಬೆಂಡಾಗಿದೆಯಾ?

ಆಗಿರಲಿಕ್ಕಿಲ್ಲ. ಆಕ್ಸಲ್ ಪಕ್ಕಕ್ಕೆ ಹೋಗದಂತೆ ಒಂದು ಅಡ್ಡ ರಾಡ್ ಹಿಡಿದಿರುತ್ತದೆ, ಒಂದು ತುದಿ ಬಾಡಿಗೆ, ಇನ್ನೊಂದು ಆಕ್ಸಲ್‌ಗೆ. ಕಾರು ತಗ್ಗಿದಾಗ ರಾಡ್‌ನ ಓರೆ ಬದಲಾಗಿ ಆಕ್ಸಲನ್ನು ಪಕ್ಕಕ್ಕೆ ತಳ್ಳುತ್ತದೆ. ಒಂದು ಇಂಚಿಗೆ ಇದು ಕೆಲವೇ ಮಿಲಿಮೀಟರ್. ಎರಡೂ ಕಡೆ ಫೆಂಡರ್ ಅಂಚಿನಿಂದ ತೂಕದ ದಾರ ಇಳಿಬಿಟ್ಟು ಟೈರ್‌ಗೆ ಇರುವ ದೂರ ಅಳೆಯಿರಿ. ವ್ಯತ್ಯಾಸ ಒಂದು ಸೆಂಟಿಮೀಟರ್ ದಾಟಿದರೆ ರಾಡ್‌ನ ಬುಷ್ ಹೋಗಿದೆಯೇ ನೋಡಿ. ರಾಡನ್ನು ಕತ್ತರಿಸಿ ನಡುವೆ ಥ್ರೆಡ್ ಹಾಕಿಸಿ ಉದ್ದ ಹೊಂದಿಸುವಂತೆ ಮಾಡಿಕೊಡುವ ಲೇತ್‌ನವರಿದ್ದಾರೆ. ವೆಲ್ಡಿಂಗ್ ಮೇಲೆ ನಂಬಿಕೆಯಿದ್ದರೆ ಮಾತ್ರ ಮಾಡಿಸಿ.

ಎಸ್ಟೀಮ್ ಎರಡಿಂಚು ಇಳಿಸಿದೆ. ತಿರುವಲ್ಲಿ ಮೊದಲಿಗಿಂತ ಜಾಸ್ತಿ ವಾಲುತ್ತೆ! ಹೇಗೆ ಸಾಧ್ಯ?

ಸಾಧ್ಯ. ಸ್ಟ್ರಟ್ ಕಾರಿನಲ್ಲಿ ಕೆಳಗಿನ ಆರ್ಮ್ ಮಾಮೂಲಿಯಾಗಿ ಚಕ್ರದ ಕಡೆಗೆ ಇಳಿಜಾರಾಗಿರುತ್ತದೆ. ಜಾಸ್ತಿ ತಗ್ಗಿಸಿದರೆ ಅದು ಮಟ್ಟಸವಾಗಿ, ಆಮೇಲೆ ಮೇಲಕ್ಕೇ ಓರೆಯಾಗುತ್ತದೆ. ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಈ ಓರೆಯಿಂದ ತೀರ್ಮಾನವಾಗುತ್ತದೆ. ಕಾರಿನ ಭಾರದ ಕೇಂದ್ರ ಎರಡಿಂಚು ಇಳಿದರೆ ಆ ಬಿಂದು ಅದಕ್ಕಿಂತ ತುಂಬ ಜಾಸ್ತಿ ಇಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಾದಷ್ಟೂ ಬಾಡಿಯನ್ನು ವಾಲಿಸುವ ಸನ್ನೆ ಉದ್ದವಾಗುತ್ತದೆ. ಸ್ಟೇರಿಂಗ್‌ನ ಟೈ ರಾಡ್ (ಚಕ್ರವನ್ನು ತಿರುಗಿಸುವ ಕಡ್ಡಿ) ಓರೆಯೂ ಬದಲಾಗುವುದರಿಂದ ಗುಂಡಿಯಲ್ಲಿ ಚಕ್ರ ತಾನಾಗಿ ತಿರುಗಿದಂತೆ ಸ್ಟೇರಿಂಗ್ ಎಳೆಯುತ್ತದೆ.

ರೇಸ್ ಕಾರುಗಳಲ್ಲಿ ಸ್ಪೇಸರ್ (ನಡುವೆ ಕೂರಿಸುವ ತುಂಡು) ಕೊಟ್ಟು ಬಾಲ್ ಜಾಯಿಂಟನ್ನು ಕೆಳಕ್ಕಿಳಿಸಿ ಆರ್ಮನ್ನು ಸರಿಮಾಡುತ್ತಾರೆ. ಈ ಹಳೇ ಕಾರುಗಳಿಗೆ ಅಂಥದ್ದು ಸಿದ್ಧವಾಗಿ ಸಿಗುವುದಿಲ್ಲ. ಲೇತ್‌ನಲ್ಲಿ ಮಾಡಿಸಿದ ಸ್ಪೇಸರ್ ಮೇಲೆ ಚಕ್ರ ನಿಲ್ಲಿಸುವ ಸಾಹಸ ರಸ್ತೆ ಕಾರಿಗೆ ಬೇಡ. ನಿಮ್ಮ ಆರ್ಮ್ ಎರಡೂ ತುದಿಗೆ ರಸಮಟ್ಟ ಹಿಡಿದು ನೋಡಿ. ಅದು ಮತ್ತೆ ಚಕ್ರದ ಕಡೆಗೆ ಸ್ವಲ್ಪ ಇಳಿಜಾರಾಗುವವರೆಗೆ ಕಾರನ್ನು ಮೇಲಕ್ಕೆತ್ತಿ.